ಬಚ್ಚಲ ಹಿಂದಿನ ಜರೀಗಿಡ

ಓದೋ ಎಲ್ಲರಿಗೂ ನಮಸ್ಕಾರ. ನಾನು ಶಾಲೆ ಮೆಟ್ಟಲು ಹತ್ತಿದ್ದೇ ಹದಿಮೂರನೇ ವಯಸ್ಸಿಗೆ. ಈ ಟೈಪ್ ಮಿಷನ್ನಲ್ಲೂ ಒಂದೊಂದೇ ಅಕ್ಷರ ಹುಡುಕಿ ಕುಟ್ತಾ ಇದೀನಿ. ಒತ್ತು ದೀರ್ಘ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮನುಷ್ಯ ಯಾವುದನ್ನ ಬಿಟ್ಟು ಓಡಿ ಬಂದಿರ್ತಾನೋ ಅದನ್ನೇ ಒಂದಿನ ಮನೆ ಹಿಂದೆ ತಂದು ಇಟ್ಕೋತಾನೆ. ಗದ್ದೆ ಕೆಸರು ಬೇಡ ಅಂತ ಅಕ್ಷರ ಕಲಿತು ಮದ್ದೂರಲ್ಲಿ ಗುಮಾಸ್ತನಾದ ನಾನು ಮಾಡಿದ್ದೂ ಅದನ್ನೇ.

ಯುದ್ಧದ ಕಾಲ ಅದು. ಕಾಗದ ಕೊಡೋಕೆ ಅಂತ ಮಂಡ್ಯದ ಒಂದು ಬಂಗಲೆಗೆ ಹೋದಾಗ ನಲ್ಲಿ ಪಕ್ಕದ ನೆರಳಲ್ಲಿ ಜರೀಗಿಡ, ಕೆಂಪು ಚುಕ್ಕಿಯ ಬಣ್ಣದ ಕೆಸ ಬೆಳೆದಿದ್ದು ನೋಡಿದೆ. ನೋಡ್ತಾ ನಿಂತು ಬಸ್ಸು ತಪ್ಪಿಸ್ಕೊಂಡೆ. ಮಾಲಿ ನಾಲ್ಕು ಬುಡ ಕಿತ್ತುಕೊಟ್ಟು, "ಬಿಸ್ಲು ಬೀಳ್ಬಾರ್ದು, ಬುಡ ಒಣಗ್ಬಾರ್ದು" ಅಂದ. ಸರಿ, ಬಚ್ಚಲ ಹಿಂದೆ ಹೊಂಗೆಮರದ ಕೆಳಗೆ ಗುಂಡಿ ತೆಗೆದೆ, ನೀರು ಇಂಗದ ಹಾಗೆ ಜೇಡಿಮಣ್ಣು ತುಳಿದು ಮೆತ್ತಿದೆ, ಕೆರೆಯ ಗೋಡುಮಣ್ಣು ತುಂಬಿದೆ, ಬಚ್ಚಲ ನೀರು ತಿರುಗಿಸಿದೆ. ಎರಡು ತಿಂಗಳಿಗೆ ಗಿಡ ಎದ್ದು ನಿಂತವು. ಕಚೇರಿಯಿಂದ ಬಂದವನು ಕಾಫಿಗಿಂತ ಮೊದಲು ಅಲ್ಲಿಗೆ ಹೋಗ್ತಿದ್ದೆ.

ನನ್ನ ಹೆಂಡತಿ ಚಿಕ್ಕತಾಯಮ್ಮ ಕೇಳಿದಳು, "ಸಾರಿಗಾದ್ರೂ ಬತ್ತದಾ?"

"ಇಲ್ಲ ಕಣೆ, ನೋಡೋಕೆ."

"ಸೊಳ್ಳೆ ಸಾಕೋಕೆ ಅನ್ನಿ. ನಮ್ಮಪ್ಪ ಬತ್ತದೆ, ಗುಂಡಿ ಮುಚ್ಚು ಅಂದ್ರೆ ಮುಚ್ಬೇಕು, ಅಷ್ಟೆ."

ಮಾವ ಮದ್ದೂರು ಹತ್ತಿರದ ಕೊಪ್ಪದ ಕಡೆಯ ಬೇಸಾಯಗಾರರು. ಅಳಿಯನಿಗೆ ಮಣ್ಣಿನ ಗಂಧವೇ ಇಲ್ಲ ಅಂತ ಅವರಿಗೆ ಮೊದಲಿಂದಲೂ ಸಂಕಟ. ಅವರು ಬಂದ ದಿನ ನಾನು ಕಚೇರೀಲಿದ್ದೆ. ಸಂಜೆ ಬಂದು ನೋಡ್ತೀನಿ, ಗುಂಡಿ ಮುಚ್ಚಿರಲಿಲ್ಲ. ಕಳೆ ಅಂತ ಎಲ್ಲಾ ಕಿತ್ತು, ಕೆಸರು ಕನ್ನಡಿ ಥರ ಮಟ್ಟ ಮಾಡಿ, ಯಾರದೋ ಗದ್ದೇಲಿ ಮಿಕ್ಕಿದ ಪೈರು ಕೇಳಿ ತಂದು, ಮಗಳ ಕೈಲಿ ಭತ್ತದ ನಾಟಿ ಹಾಕ್ಸಿದ್ದರು!

"ಅಕ್ಕಿ ರೇಷನ್ ಕಾಲ್ದಾಗೆ ಇಂಥ ಕೆಸ್ರು ಖಾಲಿ ಬುಡ್ತಾರಾ ಅಳಿಮಯ್ಯ?" ಅಂದರು. "ಆದ್ರೂ ಕೆಸ್ರು ಮಾತ್ರ ಬೆಣ್ಣೆ ಬೆಣ್ಣೆಯಂಗೆ ಮಾಡಿದ್ದೀಯ ಕಣಪ್ಪ!"

ಮದುವೆಯಾದ ಮೇಲೆ ಅವರು ನನ್ನನ್ನ ಹೊಗಳಿದ್ದು ಅದೇ ಮೊದಲು. ಹೇಗೆ ಹೇಳಲಿ? "ಊಟ ಆಯ್ತಾ ಮಾವ?" ಅಂದೆ.

ಅಡುಗೆಮನೇಲಿ ಹೆಂಡತಿ ಮೆಲ್ಲಗೆ, "ಮೊಕ ಅಂಗ್ ಮಾಡ್ಬೇಡಿ. ಎಲ್ಡು ಬುಡ ಒಡ್ಕಲು ಮಡಕೇಲಿ ಎತ್ತಿಟ್ಟಿವ್ನಿ" ಅಂದಳು. ಗುಂಡಿ ಮುಚ್ಬೇಕು ಅಂದವಳೂ ಅವಳೇ.

ನೆರಳಿನ ಭತ್ತ ತೆನೆ ಬಿಡತ್ಯೇ? ಬರೀ ಉದ್ದಕ್ಕೆ, ಬೆಳ್ಳಗೆ. ಮಾವ ಮತ್ತೆ ಬಂದವರು ಅದರ ಮುಂದೆ ಕೂತು ಸಪ್ಪಗಾದರು. "ನನ್ ಕೈಗುಣವೇ ಸರಿಯಿಲ್ಲ ಕಣಪ್ಪ. ಮರ ಕಡ್ಸಿ, ಎಲ್ಡು ಗಾಡಿ ಗೊಬ್ರ ಹೊಡಿಸ್ತೀನಿ."

ಇನ್ನು ತಡೆಯೋಕಾಗಲಿಲ್ಲ. ಅವರು ಕಿತ್ತಿದ್ದು ಕಳೆ ಅಲ್ಲ ಅಂತ ಹೇಳಿಬಿಟ್ಟೆ. ಅವರು ಎವೆಯಿಕ್ಕದೆ ನೋಡಿದರು.

"ತಿನ್ನಾಕಲ್ವಾ?"

"ಅಲ್ಲ ಮಾವ."

"ದನಕ್ಕೂ ಅಲ್ವಾ?"

"ಅಲ್ಲ. ಸುಮ್ನೆ ನೋಡೋಕೆ."

"ಏನ್ ನೋಡ್ಬೇಕು, ತೋರ್ಸು."

ಅರ್ಧ ತಾಲ್ಲೂಕಿಗೆ ಅರ್ಜಿ ಬರೆದುಕೊಟ್ಟ ನಾನು, ಹೆಂಡತಿ ಎತ್ತಿಟ್ಟಿದ್ದ ಮಡಕೆ ತಂದು ಎದುರಿಗಿಟ್ಟೆ. ಸುರುಳಿ ಬಿಚ್ಚುತ್ತಿದ್ದ ಎಳೆ ಜರಿಯನ್ನ ಮಾವ ಬೆರಳ ತುದೀಲಿ ಮುಟ್ಟಿದರು. "ಮಗೀನ ಮುಷ್ಟಿಯಂಗದೆ" ಅಂದರು, ಪಂಚೆ ಎತ್ತಿ ಕಟ್ಟಿದರು. ನಾಟಿ ಹೆಂಗಸರ ಕೆಲಸ ಅಂತ ಜೀವಮಾನದಲ್ಲಿ ಒಂದು ಪೈರೂ ಊರದ ಮನುಷ್ಯ ಕೆಸರಿಗಿಳಿದು ಎರಡು ಬುಡಾನೂ ತಮ್ಮ ಕೈಯಾರೆ ನೆಟ್ಟರು. ಮಗಳೂ ಇಳಿದು ಭತ್ತ ಕಿತ್ತಳು.

ಆ ಗುಂಡಿ ತೋಡಿದ ನಾನು ಮಾತ್ರ, ಕಚೇರಿ ಪಂಚೆ ಕೊಳೆಯಾಗುತ್ತೆ ಅಂತ, ದಡದಲ್ಲಿ ಖಾಲಿ ಮಡಕೆ ಹಿಡ್ಕೊಂಡು ನಿಂತಿದ್ದೆ. ನಿಮ್ಮ ಮನೇಲೂ ಹೀಗೆ ಯಾರಾದ್ರೂ ನಿಮ್ಮ ಹುಚ್ಚಿಗೆ ನಿಮಗಿಂತ ಮೊದಲು ಕೆಸರಿಗಿಳಿದಿದ್ರೆ, ನಾಲ್ಕು ಸಾಲು ಬರೀರಿ.