ತಲೆಗೆ ಹಚ್ಚಿಕೊಳ್ಳದ ನಲವತ್ತು ದಿನ

ಮೂರೇ ತಿಂಗಳಲ್ಲಿ ನನ್ನ ಷಡ್ಡಕನ ಕೂದಲನ್ನು ಸೋಲಿಸಿಬಿಡುತ್ತೇನೆ ಎಂದು ಬಚ್ಚಲುಮನೆಯ ಕನ್ನಡಿ ಮುಂದೆ ಬಾಚಣಿಗೆ ಎತ್ತಿಹಿಡಿದು ಶಪಥ ಮಾಡಿದೆ! ಮತ್ತೇನ್ರೀ? ಮದುವೆಯಾಗಿ ಒಂದು ವರ್ಷ. ಒಂದು ದಿನವಾದರೂ ನನ್ನಾಕೆ ನನ್ನ ತಲೆ ನೋಡಿ "ಪರವಾಗಿಲ್ಲ" ಅಂದವಳಲ್ಲ. ಅವಳ ಅಕ್ಕನ ಗಂಡ ಬಂದರೆ ಸಾಕು, "ಭಾವನ ಕೂದಲು ನೋಡ್ರೀ, ಎಷ್ಟು ದಟ್ಟ!" ಎಂದು ಶುರು. ನನ್ನ ಹೊಟ್ಟೆಯೊಳಗೆ ಗ್ಯಾಸ್ ಒಲೆಯ ನಾಲ್ಕೂ ಬರ್ನರ್ ಒಟ್ಟಿಗೆ ಹತ್ತಿಕೊಳ್ಳುತ್ತಿದ್ದವು.

ಕೊನೆಗೆ ನಾಚಿಕೆ ಬಿಟ್ಟು ಅವನನ್ನೇ ಕೇಳಿದೆ. "ಅಣ್ಣಾ, ಏನು ಇದರ ಗುಟ್ಟು?"

ಅವನು ಆ ಕಾಡಿನೊಳಗೆ ಬೆರಳಾಡಿಸುತ್ತಾ ನಕ್ಕ. "ಗುಟ್ಟೇನು ಬಂತಪ್ಪಾ, ನಾನು ಏನನ್ನೂ ತಲೆಗೆ ಹಚ್ಚಿಕೊಳ್ಳಲ್ಲ!"

ಸಿಕ್ಕಿತು ಮಹಾಮಂತ್ರ! ಅಂದಿನಿಂದ ಎಣ್ಣೆ, ಶಾಂಪೂ, ಸೋಪು ಎಲ್ಲ ಬಂದ್. ನೀರೂ ತಾಗಬಾರದೆಂದು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸ್ನಾನ.

ಮೊದಲ ವಾರ ಕೂದಲು ಮಿರಮಿರ ಮಿಂಚಿತು. "ನೋಡು, ಎಂಥಾ ಕಳೆ!" ಅಂದೆ.

"ಕಳೆ ಅಲ್ಲ ರೀ, ಕೊಳೆ! ತಲೆಗೆ ಸ್ನಾನ ಮಾಡ್ಬಾರ್ದಾ?"

"ನಿನಗರ್ಥ ಆಗಲ್ಲ, ಇದು ತಪಸ್ಸು."

ಎರಡನೇ ವಾರ ತುರಿಕೆ. ಮೂರನೇ ವಾರ, ಹೊಟ್ಟೆಯಲ್ಲಿದ್ದ ಕಿಚ್ಚು ತಲೆಗೇರಿ ಹೊಟ್ಟಾಯಿತು! ನನ್ನಾಕೆ ದಿಂಬು ಎತ್ತಿಕೊಂಡು ಸೋಫಾಗೆ ಹೋದಳು. ನಾನು ಬಿಡಲಿಲ್ಲ.

ನಲವತ್ತನೇ ದಿನ, ನಾನು ಕೆಲಸ ಮಾಡುವ ಫೋಟೋ ಸ್ಟುಡಿಯೋಗೆ ನಿವೃತ್ತ ಮೇಷ್ಟ್ರೊಬ್ಬರು ಹಳೆಯ ಫೋಟೋ ದೊಡ್ಡದು ಮಾಡಿಸಲು ತಂದರು. ಸ್ಕ್ಯಾನರಿನ ಗಾಜಿನ ಮೇಲೆ ಬಗ್ಗಿದವನು ಒಮ್ಮೆ ತಲೆ ಕೆರೆದುಕೊಂಡೆ. ಒಂದೇ ಒಂದು ಸಲ!

ಪ್ರಿಂಟ್ ನೋಡಿದ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಏನಪ್ಪಾ, ಇದು ಸಮುದ್ರದ ದಡದಲ್ಲಿ ತೆಗೆಸಿದ್ದು. ಹಿಮ ಯಾವಾಗ ಬಿತ್ತು?"

ಓನರ್ ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನ ಭುಜ ನೋಡಿದರು. "ಮೊದ್ಲು ಆ ತಲೆ ಡಾಕ್ಟರಿಗೆ ತೋರ್ಸು. ಆಮೇಲೆ ಅಂಗಡಿ ಮೆಟ್ಲು ಹತ್ತು!"

ನನ್ನಾಕೆಯೇ ಎಳೆದುಕೊಂಡು ಹೋದಳು. ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದರು. "ತೊಳೆದು ಎಷ್ಟು ದಿನ ಆಯ್ತು?"

"ನಲವತ್ತು."

ಅವರ ಕುರ್ಚಿ ತಾನಾಗಿಯೇ ಒಂದಡಿ ಹಿಂದೆ ಸರಿಯಿತು. "ಜಿಡ್ಡು, ಬೆವರು, ಸತ್ತ ಚರ್ಮ ಎಲ್ಲಾ ಸೇರ್ಕೊಂಡು ಕೂದಲ ಬುಡ ಕಟ್ಟಿಹೋಗಿದೆ. ಆ ಜಿಡ್ಡು ತಿಂದು ಫಂಗಸ್ ಚೆನ್ನಾಗಿ ಬೆಳೀತಿದೆ. ಅದಕ್ಕೇ ಈ ಉರಿ, ಗುಳ್ಳೆ. ಕೆರೆದು ಕೆರೆದು ಇದ್ದ ಕೂದಲನ್ನೂ ಕಿತ್ಕೊಂಡಿದೀರ. ತೊಳೀಬೇಡಿ ಅಂತ ಯಾರ್ರೀ ಹೇಳಿದ್ದು?"

ಷಡ್ಡಕನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ.

ನನ್ನಾಕೆ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವ್ರೇ! ಚಿಂತೆ ಹಚ್ಚಿಕೊಳ್ಳಲ್ಲ ಅಂದಿದ್ದು ರೀ ಅವರು! ಶಾಂಪೂ ಅಲ್ಲ!"

ಡಾಕ್ಟರಮ್ಮ ಬಿದ್ದ ಪೆನ್ನು ಹುಡುಕಲು ಮೇಜಿನ ಕೆಳಗೆ ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ.

ಈಗ ವಾರಕ್ಕೆರಡು ಸಲ ಔಷಧಿ ಶಾಂಪೂ. ಹಚ್ಚುವವಳು ಸಾಕ್ಷಾತ್ ನನ್ನಾಕೆ! ನೊರೆಯೊಳಗೆ ಅವಳ ಬೆರಳು ಓಡಾಡುವಾಗ ನಾನೇ ಮಹಾರಾಜ. ನಿನ್ನೆ ಅದೇ ಧೈರ್ಯದಲ್ಲಿ ಕೇಳಿಬಿಟ್ಟೆ. "ನಿಜ ಹೇಳು, ಈಗಲೂ ನಿನಗೆ ನಿನ್ನ ಭಾವನ ಕೂದಲೇ ಹೆಚ್ಚಾ?"

"ಛೇ, ಇಲ್ಲಪ್ಪ! ಇಷ್ಟು ದಿನ ಸುಮ್ನೆ ಅವರ ಕೂದಲೊಂದನ್ನೇ ಹೊಗಳ್ತಿದ್ದೆ," ಎಂದು ನನ್ನಾಕೆ ಮಗ್ಗಿನ ನೀರನ್ನು ನೆತ್ತಿಯ ಮೇಲೆ ಸುರಿದಳು. "ಈಗ ಗೊತ್ತಾಯ್ತು ನೋಡಿ, ಭಾವನಿಗೆ ಕೂದಲ ಕೆಳಗೆ ತಲೆಯೂ ಇದೆ!"