ನೊರೆರಾಯರ ಕಾರಿಗೆ ಕೊಳೆ ಹತ್ತಿದ ದಿನ

ಬೀದಿಯ ತಿರುವಿನಲ್ಲಿ ಬಾಯ್ಲರಣ್ಣನ ಹಳೆಯ ಪುಟ್ಟ ಕಾರು ಬಾನೆಟ್ಟು ಎತ್ತಿಕೊಂಡು ನಿಂತಿತ್ತು. ಅದರ ಸುತ್ತ ನಾಲ್ಕು ಜನ ಊಟದ ಡಬ್ಬಿ ಹಿಡಿದುಕೊಂಡು ಪೆಚ್ಚುಮೋರೆ ಹಾಕಿ ನಿಂತಿದ್ದರು. ದೂರದಿಂದಲೇ ಇದನ್ನು ಕಂಡ ನೊರೆರಾಯರಿಗೆ, ಹೇಳಬಾರದು, ಆದರೂ ಹೇಳಲೇಬೇಕು, ಹಿಡಿಸಲಾರದಷ್ಟು ಸಂತೋಷವಾಯಿತು. ಬೇರೆಯವರ ಕಾರು ಕೆಟ್ಟು ನಿಂತದ್ದಕ್ಕೆ ಇಷ್ಟು ಖುಷಿಪಡುವವರು ಮೆಕ್ಯಾನಿಕ್ಕುಗಳನ್ನು ಬಿಟ್ಟರೆ ಇವರೊಬ್ಬರೇ ಇರಬೇಕು.

ನೊರೆರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸೋಪಿನ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ ನೊರೆ ಅಳೆಯುವುದು. ಗಾಜಿನ ಉದ್ದನೆಯ ಕೊಳವೆಯಲ್ಲಿ ಸೋಪಿನ ನೀರು ಹಾಕಿ, ಎಣಿಸಿ ಹತ್ತು ಸಲ ಕುಲುಕಿ, ನೊರೆ ಎಷ್ಟೆತ್ತರ ಎದ್ದಿತು, ಐದು ನಿಮಿಷ ಕಳೆದ ಮೇಲೆ ಎಷ್ಟು ಉಳಿಯಿತು ಎಂದು ಬರೆದಿಡಬೇಕು. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಎಣಿಕೆ ತಪ್ಪುತ್ತದೆಂದು ಆ ಕೋಣೆಗೆ ಯಾರೂ ಬರುವುದಿಲ್ಲ. ಮನೆಯಲ್ಲೂ ಮಾತಿಲ್ಲ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಂಜೆ ಬಾಗಿಲು ತೆಗೆದು ಒಳಗೆ ಹೋದರೆ ಬೆಳಗ್ಗೆ ತಾವು ಬಿಚ್ಚಿಟ್ಟ ಟವೆಲು ಬಿಚ್ಚಿಟ್ಟ ಹಾಗೇ ಕುರ್ಚಿಯ ಮೇಲೆ ಬಿದ್ದಿರುತ್ತಿತ್ತು. ಅದನ್ನು ಕಂಡರೆ ಅವರಿಗೆ ಮೈಯೆಲ್ಲ ಸೋತು ಬರುತ್ತಿತ್ತು.

ಅವರ ಜೀವನದಲ್ಲಿ ಮಾತು ಎಂಬುದಿದ್ದರೆ ಅದು ಕಾರ್ಖಾನೆಗೆ ಹೋಗುವ ನಲವತ್ತು ನಿಮಿಷ, ಬರುವ ನಲವತ್ತು ನಿಮಿಷ. ಆಗ ಆ ಪುಟ್ಟ ಕಾರು ಅವರದ್ದೇ. ಬಾಯ್ಲರು ನೋಡಿಕೊಳ್ಳುವ ಬಾಯ್ಲರಣ್ಣ, ಇಬ್ಬರ ಜಾಗ ಹಿಡಿಯುವ ಉಗ್ರಾಣದ ಮಾಮ, ಟೈಪಿಸ್ಟ್ ಅಕ್ಕ, ಟೆಲಿಫೋನು ಬೋರ್ಡಿನ ಮುಂದೆ ಕೂರುವ ಫೋನಮ್ಮ, ನಾಲ್ವರೂ ಅದೇ ಬೀದಿಯವರು. ಎಲ್ಲರನ್ನೂ ತುಂಬಿಕೊಂಡು ಹೋಗುವಾಗ ಜಗಳ, ನಗು, ಮ್ಯಾನೇಜರನ ಅಣಕ, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವುದು ಎಲ್ಲ ನಡೆಯುತ್ತಿತ್ತು. ಜೊತೆಗೆ ದೂರುಗಳೂ ಇದ್ದವು. "ರಾಯ್ರೇ, ನನ್ನ ಮಂಡಿ ಗದ್ದಕ್ಕೆ ತಾಗ್ತಿದೆ ಕಣ್ರೀ" ಎಂದು ಉಗ್ರಾಣದ ಮಾಮ. "ಈ ಸೀಟಿನ ಸ್ಪ್ರಿಂಗಿಗೂ ನಂಗೂ ಏನು ದ್ವೇಷವೋ" ಎಂದು ಟೈಪಿಸ್ಟ್ ಅಕ್ಕ.

ಪಾಪ, ನನ್ನ ಜನ ಕಷ್ಟಪಡುತ್ತಿದ್ದಾರಲ್ಲ ಎಂದು ರಾಯರಿಗೆ ಕರುಳು ಚುರ್ರೆಂದಿತು. ಉಳಿಸಿದ್ದನ್ನೆಲ್ಲ ಒಟ್ಟುಗೂಡಿಸಿ ಉದ್ದನೆಯ, ಕಪ್ಪನೆಯ, ಕನ್ನಡಿಯ ಹಾಗೆ ಹೊಳೆಯುವ ಸೆಡಾನ್ ಒಂದನ್ನು ತಂದೇಬಿಟ್ಟರು. ಕೆನೆಬಣ್ಣದ ಚರ್ಮದ ಸೀಟು. ಕಾಲು ಚಾಚಿದರೂ ಮುಂದಿನ ಸೀಟಿಗೆ ತಾಗದು. ಹಿಂದೆ ಕೂತವರಿಗೇ ಬೇರೆ ತಣ್ಣನೆ ಗಾಳಿ. ಹಳೆಯ ಕಾರನ್ನು ಬಾಯ್ಲರಣ್ಣನಿಗೆ ಕೊಟ್ಟರು.

ಅಲ್ಲಿಗೆ ಮುಗಿಯಿತು. ಹೊಸ ಕಾರನ್ನು ನೋಡಲು ಎಲ್ಲರೂ ಬಂದರು, ಹತ್ತಲು ಒಬ್ಬರೂ ಬರಲಿಲ್ಲ. "ಅಯ್ಯೋ, ಇಂಥಾ ಕಾರಲ್ಲಿ ನಾವಾ? ನಮ್ಮ ಚಪ್ಪಲಿ ನೋಡಿ ಸಾರ್" ಎಂದರು. ಹೌದು, ಸಾರ್! ನಿನ್ನೆಯವರೆಗೆ 'ಏನ್ರಾಯ್ರೇ' ಎನ್ನುತ್ತಿದ್ದವರು ರಾತ್ರಿ ಬೆಳಗಾಗುವುದರಲ್ಲಿ ಸಾರ್ ಎನ್ನತೊಡಗಿದ್ದರು. ನಾಲ್ವರೂ ಬಾಯ್ಲರಣ್ಣನ ಕಾರಿನಲ್ಲಿ ಹೋಗತೊಡಗಿದರು. ಖಾಲಿಯಾದ ಐದನೆಯ ಜಾಗದಲ್ಲಿ ಊಟದ ಡಬ್ಬಿಗಳು ಕೂತವು. ಒಂದು ದಿನ ರಾಯರು ನಾಚಿಕೆ ಬಿಟ್ಟು, "ನಾನೂ ನಿಮ್ಮ ಜೊತೇಲೇ ಬರ್ಲಾ?" ಎಂದು ಕೇಳಿದ್ದುಂಟು. ಅದೊಂದು ಒಳ್ಳೆಯ ತಮಾಷೆಯೆಂದು ನಾಲ್ವರೂ ಕಾರ್ಖಾನೆ ಮುಟ್ಟುವವರೆಗೂ ನಕ್ಕರು. ದಿನವೂ ಅವರ ಹಿಂದೆ ತಣ್ಣನೆಯ ಕಾರಿನಲ್ಲಿ ಒಬ್ಬರೇ ಹೋಗುತ್ತ, ಮುಂದಿನ ಕಾರಿನ ಗಾಜಿನೊಳಗೆ ಕುಲುಕುವ ತಲೆಗಳನ್ನು ನೋಡಿ, ಯಾವ ಮಾತಿಗೆ ನಗುತ್ತಿರಬಹುದು ಎಂದು ರಾಯರು ಊಹಿಸುತ್ತಿದ್ದರು. ಆರು ತಿಂಗಳಿಂದ ಇದೇ ಪಾಡು.

ಹಾಗಾಗಿ ಎತ್ತಿದ ಬಾನೆಟ್ಟು ಕಂಡದ್ದೇ ತಡ, ಅವರು ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತಾವೇ ತೆಗೆದರು.

"ಹತ್ತಿ, ಹತ್ತಿ! ಹೊತ್ತಾಯ್ತು!"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಪಿಸ್ಟ್ ಅಕ್ಕ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಹತ್ತಿದಳು. ಉಗ್ರಾಣದ ಮಾಮ ಸೀಟಿನ ಮೇಲೆ ದಿನಪತ್ರಿಕೆ ಹಾಸಿ, ಅದರ ಅಂಚು ದಾಟದಂತೆ ತಮ್ಮ ದೊಡ್ಡ ಮೈಯನ್ನು ಮುದುಡಿಕೊಂಡರು. ಫೋನಮ್ಮ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಮಗುವಿನ ಹಾಗೆ ಅಪ್ಪಿಕೊಂಡಳು. ಯಾರೂ ಬೆನ್ನು ಆನಿಸಲಿಲ್ಲ.

"ಹಿಂದಿನ ಸೀಟಿನವರು ಬೆಲ್ಟ್ ಹಾಕಿಕೊಳ್ಳಿ" ಎಂದಿತು ಕಾರಿನೊಳಗಿನ ಹೆಣ್ಣುದನಿ.

"ಹಾಕ್ಕೊತೀವಿ ಮೇಡಂ" ಎಂದರು ಉಗ್ರಾಣದ ಮಾಮ ಗಾಬರಿಯಿಂದ.

ಹಿಂದಿನ ದಿನಗಳಲ್ಲಾಗಿದ್ದರೆ ಈ ಒಂದು ಮಾತಿಗೆ ವಾರವಿಡೀ ನಗಬಹುದಿತ್ತು. ಇಂದು ಯಾರೂ ನಗಲಿಲ್ಲ. ರಾಯರು ಮ್ಯಾನೇಜರನ ದನಿಯಲ್ಲಿ ಅಣಕಿಸಿ ನೋಡಿದರು. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರಂತೆ ನಾಲ್ವರೂ ಸಣ್ಣಗೆ ಹಲ್ಲು ಬಿಟ್ಟರು. ಕಾರ್ಖಾನೆ ಬಂದೊಡನೆ ಇಳಿದು, "ಬಹಳ ಉಪಕಾರ ಆಯ್ತು ಸಾರ್" ಎಂದರು. ಇಳಿದ ಮೇಲೆ ಬಾಯ್ಲರಣ್ಣ ತಾನು ಹಿಡಿದಿದ್ದ ಹಿಡಿಯನ್ನು ಕರ್ಚೀಫಿನಿಂದ ಒರೆಸಿದ.

ಆಗ ರಾಯರಿಗೆ ಹೊಳೆಯಿತು. ತಪ್ಪು ಜನರದ್ದಲ್ಲ, ಕಾರಿನದು. ಅದು ವಿಪರೀತ ಚೊಕ್ಕಟ. ಬಾಯ್ಲರಣ್ಣನ ಕಾರು ರಿಪೇರಿಯಾಗುವುದು ನಾಳೆಯೋ ನಾಡಿದ್ದೋ. ಅಂದರೆ ಇಂದು ಸಂಜೆ ಐದಕ್ಕೆ ಇವರೆಲ್ಲ ಮತ್ತೆ ಹತ್ತಲೇಬೇಕು. ಅಷ್ಟರೊಳಗೆ ಕಾರನ್ನು ನಾಲ್ಕು ಜನ ಕೂರುವಷ್ಟು ಕೊಳೆ ಮಾಡಿಬಿಟ್ಟರೆ ಹೋದ ಮಾತೆಲ್ಲ ವಾಪಸ್ಸು ಬಂದೀತು.

ಸೋಪಿನ ಕಾರ್ಖಾನೆಯೊಳಗೆ ನಿಂತು ಒಂದು ವಸ್ತುವನ್ನು ಕೊಳೆ ಮಾಡುತ್ತೇನೆ ಎಂದು ಹೊರಡುವುದು ಎಂಥ ಹುಚ್ಚು ಎಂಬುದು ಅವರಿಗೆ ಆಗ ತಿಳಿಯಲಿಲ್ಲ.

ಹತ್ತು ಗಂಟೆಗೆ ನೊರೆ ಅಳೆಯುವ ಕೊಳವೆಯಲ್ಲೇ ತೋಟದ ಮಣ್ಣು ತುಂಬಿಕೊಂಡು ಬಂದು ಮ್ಯಾಟುಗಳ ಮೇಲೆ ಸುರಿದು, ಬೂಟಿನಿಂದ ಚೆನ್ನಾಗಿ ತುಳಿದು ಹೋದರು. ಹನ್ನೊಂದಕ್ಕೆ ಬಂದು ನೋಡಿದರೆ ಮ್ಯಾಟು ಹೊಸದಾಗಿ ಹೊಳೆಯುತ್ತಿತ್ತು.

"ಯಾವನೋ ಅಬ್ಬೇಪಾರಿ ಮಣ್ಣು ತುಳ್ಕೊಂಡು ಹತ್ತಿದ್ದ ಸಾರ್" ಎಂದ ಗೇಟಿನ ಕಾವಲುಗಾರ, ಬ್ರಷ್ಷು ಹಿಡಿದು ಬೆವರೊರೆಸಿಕೊಳ್ಳುತ್ತ. "ಬಾಗಿಲು ತೆಗೆದೇ ಇತ್ತು. ತಿಕ್ಕಿ ತೊಳ್ದಿಟ್ಟಿದೀನಿ. ಇನ್ನು ಒಂದು ನೊಣ ಕೂರೋಕೂ ಬಿಡಲ್ಲ."

"ನಿಮಗ್ಯಾಕಪ್ಪಾ ತೊಂದ್ರೆ..." ಎಂದರು ರಾಯರು, ಅಳುವ ದನಿಯಲ್ಲಿ.

"ತೊಂದ್ರೆ ಏನು ಸಾರ್, ನಿಮ್ಮ ಕಾರು ಅಂದ್ರೆ ನಮ್ಮ ಕಾರ್ಖಾನೆಯ ಮರ್ಯಾದೆ!"

ಕಾವಲುಗಾರ ಚಹಾ ಕುಡಿಯಲು ಹೋದ ಸಮಯ ನೋಡಿ ರಾಯರು ತಮ್ಮ ಪಾಲಿನ ಚಹಾವನ್ನು ಹಿಂದಿನ ಸೀಟಿನ ಮೇಲೆ ಹೊಯ್ದರು. ಯಾವ ಪುಣ್ಯಾತ್ಮ ಆ ಚರ್ಮ ಹದ ಮಾಡಿದ್ದನೋ, ಚಹಾ ಗುಂಡಗುಂಡಗೆ ಹನಿಗಟ್ಟಿ ಉರುಳಿ ಕೆಳಗಿಳಿದು ರಾಯರ ಪ್ಯಾಂಟಿನ ಮೇಲೆ ಬಿದ್ದಿತು. ಕೊಳೆಯಾದದ್ದು ಅವರೊಬ್ಬರೇ.

ಇನ್ನು ಗೀರು ಬೀಳಿಸದೆ ದಾರಿಯಿಲ್ಲ ಎಂದುಕೊಂಡು ಕಾರನ್ನು ಉಗ್ರಾಣದ ಗೋಡೆಯ ಕಡೆಗೆ ಹಿಂದಕ್ಕೆ ಬಿಟ್ಟರು. ಕಣ್ಣು ಮುಚ್ಚಿಕೊಂಡರು. ಗೋಡೆಗೆ ಒಂದು ಗೇಣು ಇರುವಾಗ ಕಾರು ತಾನಾಗಿಯೇ ಗಕ್ಕನೆ ನಿಂತು, "ಹಿಂದೆ ಗೋಡೆಯಿದೆ, ಜಾಗ್ರತೆ" ಎಂದಿತು. "ಇದೆ ಅಂತ ಗೊತ್ತು ಕಣಮ್ಮ!" ಎಂದು ರಾಯರು ರೇಗಿದರು. ಇನ್ನೊಮ್ಮೆ ಬಿಟ್ಟರು. ಇನ್ನೊಮ್ಮೆ ನಿಂತಿತು. ಗೋಡೆಗೂ ಅವರಿಗೂ ನಡುವೆ ಆ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತ ಹಾಗಿತ್ತು.

ಬೇಸತ್ತು ಇಳಿದು, ಸೆಕೆಗೆ ಬಾಗಿಲುಗಳನ್ನೆಲ್ಲ ತೆರೆದಿಟ್ಟು ನೋಡಿದರೆ, ಎದುರಿಗೆ ಉಗ್ರಾಣಕ್ಕೆ ಸರಕು ಏರಿಸುವ ಇಳಿಜಾರಿನ ಮೇಲ್ತುದಿಯಲ್ಲಿ ಸೋಪಿಗೆ ಹಾಕುವ ಹಸಿರು ಬಣ್ಣದ ಪೀಪಾಯಿಯೊಂದು ಅಡ್ಡ ಮಲಗಿತ್ತು. ಅದರ ಮುಚ್ಚಳ ಸ್ವಲ್ಪ ಸಡಿಲಿಸಿ, ಒಂದು ಲೋಟದಷ್ಟು ತೆಗೆದುಕೊಂಡು ಅಲ್ಲಿ ಇಲ್ಲಿ ಬಳಿದರೆ ಸಾಕು ಎಂಬುದು ರಾಯರ ಲೆಕ್ಕ. ಮೇಲೆ ಹತ್ತಿ ಮುಚ್ಚಳ ಸಡಿಲಿಸಿದರು. ಬಣ್ಣ ಬರಲಿಲ್ಲ. ಕಾಲಿನಿಂದ ಮೆಲ್ಲಗೆ ಒಂದು ನೂಕು ನೂಕಿದರು.

ಪೀಪಾಯಿ ಹೊರಟಿತು. ಮೊದಲು ಗಂಭೀರವಾಗಿ, ಆಮೇಲೆ ತವರಿಗೆ ಹೊರಟವಳ ಉತ್ಸಾಹದಲ್ಲಿ. ಇಳಿಜಾರಿನ ಕೆಳಗೆ ಧಡ್ ಎಂದು ಕಾರಿನ ಮೂತಿಗೆ ಗುದ್ದಿ, ಮುಚ್ಚಳ ಹಾರಿ, ತೆರೆದ ಬಾಗಿಲುಗಳಿಂದ ಒಳಗೆಲ್ಲ ಹಸಿರು ಚಿಮ್ಮಿತು. ಕೆನೆಬಣ್ಣದ ಸೀಟು ಹೋಗಿ ಗಿಳಿಬಣ್ಣವಾಯಿತು. ಮುಂದಿನ ಬಂಪರು ಬೊಚ್ಚುಬಾಯಿಯಂತೆ ಒಳಸೇರಿತು.

ರಾಯರು ಒಂದು ಕ್ಷಣ ತಲೆಯ ಮೇಲೆ ಕೈ ಹೊತ್ತರು. ಮರುಕ್ಷಣವೇ ಆರು ತಿಂಗಳಲ್ಲಿ ಮೊದಲ ಬಾರಿಗೆ ಅವರಿಗೆ ನಗು ಬಂತು. ಸದ್ದು ಕೇಳಿ ಎಲ್ಲರೂ ಓಡಿ ಬಂದಾಗಲೂ ಅವರು ನಗುತ್ತಲೇ ಇದ್ದರು.

"ಏನೂ ಪರವಾಗಿಲ್ಲ! ಏನೇನೂ ಪರವಾಗಿಲ್ಲ! ಐದಕ್ಕೆ ಎಲ್ಲಾ ಒಟ್ಟಿಗೆ ಹೊರಡೋಣ, ಆಯ್ತಾ?"

"ಆಘಾತಕ್ಕೆ ಹೀಗಾಗುತ್ತೆ" ಎಂದು ಫೋನಮ್ಮ ಪಿಸುಗುಟ್ಟಿದಳು. "ಮೊದಲು ನೀರು ಕುಡಿಸಿ."

ಉಗ್ರಾಣದ ಮಾಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಪೀಪಾಯಿ ಸರಿಯಾಗಿ ನಿಲ್ಲಿಸಿಡಬೇಕಾದವರು ಅವರೇ. ಅವರು ಬಾಯಿ ತೆರೆಯುವಷ್ಟರಲ್ಲಿ ರಾಯರಿಗೆ ಮ್ಯಾನೇಜರನಿಂದ ಕರೆ ಬಂತು. ಹೊಸ ಸೋಪಿನ ಮೂವತ್ತು ಮಾದರಿಗಳ ನೊರೆ ಸಂಜೆಯೊಳಗೆ ಅಳೆದಾಗಬೇಕು.

ರಾಯರು ಕುಲುಕಿದರು, ಎಣಿಸಿದರು, ಬರೆದರು. ಮನಸ್ಸೆಲ್ಲ ಐದು ಗಂಟೆಯ ಮೇಲೆ. ಉಗ್ರಾಣದ ಮಾಮನನ್ನು ಮುಂದೆ ಕೂರಿಸಬೇಕು. 'ಹಾಕ್ಕೊತೀವಿ ಮೇಡಂ' ಎಂದದ್ದನ್ನು ಇವತ್ತೇ ಎತ್ತಿ ಆಡಬೇಕು. ದಾರಿಯಲ್ಲಿ ಎಲ್ಲರಿಗೂ ಚಹಾ, ಕಾರಿನೊಳಗೇ ಕುಡಿಯಬೇಕು, ಚೆಲ್ಲಬೇಕು. ಹತ್ತು ಸಲ ಕುಲುಕಬೇಕಾದ ಕಡೆ ಹದಿನಾಲ್ಕು ಸಲ ಕುಲುಕಿ, ಅಂದಿನ ಸೋಪಿಗೆ ಇಲ್ಲದ ನೊರೆಯೆಲ್ಲ ಬಂತು.

ಐದಕ್ಕೆ ಒಂದು ನಿಮಿಷವಿರುವಾಗಲೇ ಮೆಟ್ಟಿಲು ಎರಡೆರಡಾಗಿ ಹಾರಿ ಇಳಿದು ಬಂದ ರಾಯರು ಅಂಗಳದಲ್ಲಿ ನಿಂತುಬಿಟ್ಟರು.

ಕಾರು ಕೊಂಡ ದಿನವೂ ಹಾಗೆ ಹೊಳೆದಿರಲಿಲ್ಲ. ಇಡೀ ಕಾರ್ಖಾನೆ ಸೇರಿ, ಕಾರ್ಖಾನೆಯಲ್ಲಿ ತಯಾರಾಗುವ ಅಷ್ಟೂ ಬಗೆಯ ಸೋಪು ಹಾಕಿ ತೊಳೆದಿತ್ತು. ಬಾಯ್ಲರಣ್ಣ ಬಂಪರಿನ ಮೇಲೆ ಕುದಿನೀರು ಹೊಯ್ದು, ಒಳಗಿನಿಂದ ಒತ್ತಿ, ಗುಳಿಯನ್ನು ಮಾಯ ಮಾಡಿದ್ದ. ಸಾಲದ್ದಕ್ಕೆ ಸೋಪಿನ ಪೆಟ್ಟಿಗೆಗಳಿಗೆ ಸುತ್ತುವ ದಪ್ಪನೆಯ ಪ್ಲಾಸ್ಟಿಕ್ಕನ್ನು ಪ್ರತಿಯೊಂದು ಸೀಟಿಗೂ ಬಿಗಿದು, ಅಂಚುಗಳನ್ನು ಇಸ್ತ್ರಿಯಂತೆ ಕಾಯುವ ಬಿಸಿ ಪಟ್ಟಿಯಿಂದ ಒತ್ತಿ ಅಂಟಿಸಿ ಭದ್ರ ಮಾಡಿದ್ದರು.

"ಹೇಗಿದೆ ಸಾರ್?" ಎಂದಳು ಟೈಪಿಸ್ಟ್ ಅಕ್ಕ. ಅವಳ ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದವು.

"ಚೆನ್ನಾಗಿದೆ..." ಎಂದರು ರಾಯರು. "ಹತ್ತಿ. ಹೊರಡೋಣ."

"ಬೇಡ ಸಾರ್" ಎಂದ ಬಾಯ್ಲರಣ್ಣ ತಲೆ ತಗ್ಗಿಸಿ. ಗೇಟಿನಾಚೆ ಹಳೆಯ ಪುಟ್ಟ ಕಾರು ನಿಂತಿತ್ತು. "ನನ್ನ ಭಾವಮೈದ ತಂದು ಬಿಟ್ಟು ಹೋದ. ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ, ಬೆಳಗ್ಗೆ ಅದಕ್ಕೆ ಏನೂ ಆಗಿರ್ಲಿಲ್ಲ. ನೀವಿಲ್ದೆ ದಾರಿ ಸಾಗೋದೇ ಇಲ್ಲ ಸಾರ್, ಬೇಜಾರು. ನಾವಾಗೇ ಬಂದು ಹತ್ತೋಕೆ ಮುಜುಗರ. ಅದಕ್ಕೆ ನಾಲ್ಕೂ ಜನ ಮಾತಾಡ್ಕೊಂಡು ಬಾನೆಟ್ಟು ಎತ್ತಿ ನಿಂತ್ವಿ. ನೀವು ಕರೆದ್ರೆ ದಿನಾ ಹೀಗೇ ಬರೋಣ ಅಂತಿದ್ವಿ."

"ಮತ್ತೆ? ಮತ್ತೆ ಬನ್ನಿ!"

"ಹೇಗ್ ಬರೋದು ಸಾರ್? ಒಂದೇ ಒಂದು ದಿನ ಕೂತಿದ್ದಕ್ಕೆ ಕಾರಿಗೆ ಈ ಗತಿ ಬಂತು" ಎಂದರು ಉಗ್ರಾಣದ ಮಾಮ. "ಪೀಪಾಯಿ ನನ್ನ ತಪ್ಪು. ಇನ್ನು ನಾವ್ಯಾರೂ ಇದರ ಹತ್ರ ಸುಳಿಯಲ್ಲ ಅಂತ ಮಾತು ಮಾಡ್ಕೊಂಡಿದೀವಿ."

ರಾಯರಿಗೆ ತಡೆಯಲಾಗಲಿಲ್ಲ. "ಪೀಪಾಯಿ ತಳ್ಳಿದ್ದು ನಾನು ಕಣ್ರೀ! ಬೇಕು ಅಂತ್ಲೇ! ಮಣ್ಣು ಸುರಿದಿದ್ದೂ ನಾನೇ! ಕಾರು ಕೊಳೆಯಾದ್ರೆ ನೀವು ಕೂತ್ಕೋತೀರ ಅಂತ!"

ಟೈಪಿಸ್ಟ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡಿದ್ರಾ?" ಎಂದಳು. "ಮಾಮನ ಕೆಲಸಕ್ಕೆ ಕುತ್ತು ಬರಬಾರ್ದು ಅಂತ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡ್ರು. ಇಂಥಾ ಕಾರಿಗೆ ಯಾರಾದ್ರೂ ಬೇಕು ಅಂತ ಬಣ್ಣ ಚೆಲ್ತಾರಾ?"

ಉಗ್ರಾಣದ ಮಾಮ ರಾಯರ ಎರಡೂ ಕೈ ಹಿಡಿದು, "ದೊಡ್ಡೋರು ಸಾರ್ ನೀವು" ಎಂದು ಬಿಕ್ಕಿ ಬಿಕ್ಕಿ ಅತ್ತರು. ಅಲ್ಲ, ಅಲ್ಲ ಎಂದು ರಾಯರು ಹೇಳಿದಷ್ಟೂ ಅವರ ದೊಡ್ಡತನ ಬೆಳೆಯುತ್ತಲೇ ಹೋಯಿತು.

ನಾಲ್ವರೂ ಹೋಗಿ ಪುಟ್ಟ ಕಾರಿನಲ್ಲಿ ತುರುಕಿಕೊಂಡು ಕೂತರು. ರಾಯರು ಏನಾದರಾಗಲಿ ಎಂದು ಗೇಟು ದಾಟಿ ಹೋಗಿ, ಆ ಕಾರಿನ ಹಿಂದಿನ ಬಾಗಿಲಿಗೆ ಕೈ ಹಾಕಿದರು. ಅವರು ಬಂದದ್ದನ್ನು ಕಂಡು ನಾಲ್ವರೂ ಗಡಿಬಿಡಿಯಿಂದ ಕೆಳಗಿಳಿದು, ಕೈ ಕಟ್ಟಿ ಸಾಲಾಗಿ ನಿಂತರು.

"ಏನು ಬೇಕಿತ್ತು ಸಾರ್?"

ಒಳಗೆ ಡಬ್ಬಿಗಳ ಪಕ್ಕ ಅವರೊಬ್ಬರು ಕೂರುವಷ್ಟು ಜಾಗವಿತ್ತು. ರಾಯರು ಅದನ್ನು ನೋಡಿದರು. ಆಮೇಲೆ ಸಾಲಾಗಿ ನಿಂತವರನ್ನು ನೋಡಿದರು.

"ಏನಿಲ್ಲ. ಹುಷಾರಾಗಿ ಹೋಗಿ ಅಂತ ಹೇಳೋಕೆ ಬಂದೆ. ಕೂತ್ಕೊಳ್ಳಿ."

"ಮೊದಲು ನೀವು ಹೊರಡಿ ಸಾರ್. ನೀವು ನಿಂತಿರುವಾಗ ನಾವು ಕೂರೋದು ಚೆನ್ನಾಗಿರಲ್ಲ."

ನಾಲ್ವರೂ ನಿಂತೇ ಇದ್ದರು. ಇಡೀ ಮಧ್ಯಾಹ್ನ ಕಾರು ಉಜ್ಜಿ ದಣಿದವರಿಗೆ ಮನೆಗೆ ಹೋಗಲು ಹೊತ್ತಾಗುತ್ತದೆಂದು ನೊರೆರಾಯರು ಬೇಗ ಬೇಗ ಹೆಜ್ಜೆ ಹಾಕಿ ತಮ್ಮ ಕಾರು ಹತ್ತಿದರು.