ಪಂಪು ಬಲ್ಲವನು ಮಾಡಿದ ಬಾಣಂತನ

ಈ ಸಂಗತಿ ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮಗಳು ದೊಡ್ಡವಳಾಗಲಿ, ಆಮೇಲೆ ನೋಡೋಣ ಎಂದುಕೊಂಡೆ, ದೊಡ್ಡವಳಾದಳು. ಅತ್ತೆಯವರು ಇರುವ ತನಕ ಬೇಡ ಎಂದುಕೊಂಡೆ, ಅವರೂ ಹೋದರು. ಈಗ ಆ ಮಗಳೇ ಅಜ್ಜಿಯಾಗಿದ್ದಾಳೆ. ಇನ್ನೂ ಮುಂದೂಡಿದರೆ ಹೇಳಲು ನಾನೇ ಇರುವುದಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ. ನಗು ಬಂದರೆ ನಗಿರಿ. ಮೊದಮೊದಲು ನಗುವಂಥದೇ ಇದೆ.

ಆಗ ನಮ್ಮನ್ನು ಮದ್ರಾಸಿನವರು ಆಳುತ್ತಿದ್ದರು, ಮದ್ರಾಸಿನವರನ್ನು ಬಿಳಿಯರು ಆಳುತ್ತಿದ್ದರು, ಬಿಳಿಯರು ಎಲ್ಲೋ ದೂರದಲ್ಲಿ ಯುದ್ಧ ಮಾಡುತ್ತಿದ್ದರು. ನಾನು ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದೆ. ಹೈಸ್ಕೂಲು ಮುಗಿಸಿದವನು. ಎಂಜಿನ್ನು, ಅದಕ್ಕೆ ನೀರು ಕೊಡುವ ಪಂಪು, ವಾಲ್ವು, ವಾಶರು ಎಲ್ಲವೂ ನನ್ನ ಮಾತು ಕೇಳುತ್ತಿದ್ದವು. ಲೋಕದಲ್ಲಿ ಉಳಿದದ್ದೂ ಹೀಗೆಯೇ ಕೇಳುತ್ತದೆ ಎಂದು ನಂಬಿದ್ದೆ. ಆಗಿನ್ನೂ ನನಗೆ ಮಗು ಹುಟ್ಟಿರಲಿಲ್ಲ!

ಹೆಂಡತಿ ಚೊಚ್ಚಲ ಹೆರಿಗೆಗೆ ಹೊಸಪೇಟೆಯ ತವರಿಗೆ ಹೋಗಿದ್ದಳು. ದಿನ ತುಂಬುವ ಮೊದಲೇ ಹೆಣ್ಣು ಮಗು ಹುಟ್ಟಿತೆಂದು ಸುದ್ದಿ ಬಂತು. ಇದ್ದಲಿನ ಬಸ್ಸು ಹತ್ತಿದೆ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ ಅದು. ಕಮಲಾಪುರದ ಹತ್ತಿರ ಬಸ್ಸು ದಣಿದು ನಿಂತಿತು. ಎಂಜಿನ್ ಬಲ್ಲ ನಾನು ಸುಮ್ಮನೆ ಕೂರುವುದುಂಟೇ? ಇಳಿದು ಒಲೆ ಊದಿದೆ. ಮಾವನ ಮನೆಯ ಹೊಸ್ತಿಲಲ್ಲಿ ನಿಂತಾಗ ಅತ್ತೆಯವರು ಮೊದಲು ಆಡಿದ ಮಾತು ಇದು:

“ಒಳಗ ಬರಬ್ಯಾಡ್ರಿ ಅಳಿಯಂದ್ರ. ಮೊದಲ ಮಾರಿ ತೊಳಕಳ್ರಿ. ಕೂಸು ಅಂಜೀತು!”

ಮಗು ಅಂಗೈಯಷ್ಟಿತ್ತು. ಎದೆಗೆ ಹಾಕಿದರೆ ನಾಲ್ಕು ಗುಟುಕು ಎಳೆದು, ಬೆಟ್ಟ ಹತ್ತಿದಂತೆ ದಣಿದು ನಿದ್ದೆ ಹೋಗುತ್ತಿತ್ತು. ಅದಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ. ತಾಯಿಯ ಎದೆ ಖಾಲಿಯಾಗುತ್ತಿರಲಿಲ್ಲ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಕೈಯಿಂದ ಹಿಂಡೋಣವೆಂದರೆ ಮುಟ್ಟಿದರೇ ಚೀರುತ್ತಿದ್ದಳು. ಆಸ್ಪತ್ರೆಯ ಡಾಕ್ಟರಮ್ಮ ಬಂದು ನೋಡಿ ನನ್ನನ್ನು ಕರೆದು ಹೇಳಿದರು:

“ಮೊದಲು ಕೂಸಿಗೆ ಎದೆ ಕೊಡಬೇಕು. ಅದು ದಣಿದು ಬಿಟ್ಟ ಕೂಡಲೇ ಉಳಿದದ್ದನ್ನು ತೆಗೆದು ಒಳಲೆಯಿಂದ ಕುಡಿಸಬೇಕು. ಪ್ರತಿ ಸಲವೂ ಹೀಗೆಯೇ. ಬಿಟ್ಟರೆ ಹಾಲು ಬತ್ತುತ್ತದೆ, ಈ ಕೂಸಿಗೆ ಬೇರೆ ಹಾಲು ದಕ್ಕುವುದಿಲ್ಲ. ಬಳ್ಳಾರಿಯಲ್ಲಿ ಇದಕ್ಕೆ ಒಂದು ಗಾಜಿನ ಪಂಪು ಸಿಗುತ್ತದೆ.”

ಪಂಪು! ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಎದೆ ಉಬ್ಬಿತು. ಬಾಣಂತಿ ಕೋಣೆಯ ಸುತ್ತ ಅಂದಿನ ತನಕ ನಾನು ಯಾರಿಗೂ ಬೇಡದ ಪ್ರಾಣಿಯಾಗಿದ್ದೆ. ಈಗ ನೋಡಿ! ನನ್ನ ಮಗುವನ್ನು ನಾನು ಉಳಿಸಿಕೊಳ್ಳುತ್ತೇನೆ ಎಂದು ಅಲ್ಲೇ ಹಠ ತೊಟ್ಟೆ. ಮಾರನೆಯ ದಿನವೇ ರೈಲಿನಲ್ಲಿ ಬಳ್ಳಾರಿಗೆ ಹೋಗಿ ಪಂಪು ತಂದೆ. ಕಹಳೆಯಂಥ ಗಾಜಿನ ಬಾಯಿ, ಹಾಲು ನಿಲ್ಲಲು ಗಾಜಿನದೇ ಹೊಟ್ಟೆ, ಹಿಂದೆ ಮೋಟಾರು ಹಾರ್ನಿಗೆ ಇರುವಂಥ ಕೆಂಪು ರಬ್ಬರ್ ಚೆಂಡು. ಚೆಂಡು ಒತ್ತಿ, ಬಾಯಿ ಹಚ್ಚಿ, ಚೆಂಡು ಬಿಟ್ಟರೆ ಎಳೆಯುತ್ತದೆ. ಅಂಗಡಿಯವನು ಎಚ್ಚರಿಸಿದ:

“ಗಾಜು ಒಡೆದ್ರ ಇನ್ನೊಂದು ಕೊಡ್ತೀನ್ರಿ. ರಬ್ಬರ್ ಹೋದ್ರ ಯುದ್ಧ ಮುಗಿದ ಮ್ಯಾಲ ಬರ್ರಿ.”

ಹೊಸ ಯಂತ್ರವನ್ನು ಪರೀಕ್ಷಿಸದೆ ಚಾಲೂ ಮಾಡುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ಮಾವನವರ ಹಿತ್ತಲಿನಲ್ಲಿ ನಿಂತು ಪಂಪನ್ನು ನನ್ನ ಕೆನ್ನೆಗೇ ಹಚ್ಚಿ ಚೆಂಡು ಬಿಟ್ಟೆ. ಎಂಥ ಎಳೆತ! ಕಚ್ಚಿಕೊಂಡದ್ದು ಬಿಡಲೇ ಇಲ್ಲ. ಕಿತ್ತು ತೆಗೆದಾಗ ಕೆನ್ನೆಯ ಮೇಲೆ ದುಂಡಗೆ ಕೆಂಪು ಗುರುತು ಮೂಡಿತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹಿಂದಿನ ಮನೆಯಾಕೆ ಬಂದಳು. ಅತ್ತೆಯವರ ಬಹುಕಾಲದ ಗೆಳತಿ. ಮನೆಮಂದಿಯೆಲ್ಲ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ನನ್ನ ಕೆನ್ನೆಯನ್ನೂ ಕೈಯಲ್ಲಿದ್ದ ಯಂತ್ರವನ್ನೂ ನೋಡಿದಳು.

“ಅಳಿಯಂದ್ರ, ಗಲ್ಲದ ಮ್ಯಾಲ ಟಪಾಲಿನವ್ರು ಮುದ್ರಿ ಒತ್ಯಾರೇನ್ರಿ? ಯಾವೂರಿಗೆ ಹೊಂಟ್ರಿ?”

“ಇದು ಹಾಲೆಳೆಯುವ ಪಂಪು” ಎಂದೆ ಗಂಭೀರವಾಗಿ.

“ನಿಮ್ಮ ಗಲ್ಲದಾಗ ಎಷ್ಟು ಬಂತ್ರಿ?”

ಅಡಿಗೆ ಮನೆಯಿಂದ ಅತ್ತೆಯವರ ನಗು ಕೇಳಿಸಿತು. ಒಳಗಿನ ಕೋಣೆಯಿಂದ ಇನ್ನೊಂದು ಸಣ್ಣ ನಗು. ಹೆರಿಗೆಯಾದ ಮೇಲೆ ನನ್ನ ಹೆಂಡತಿ ನಕ್ಕದ್ದು ಅದೇ ಮೊದಲಂತೆ.

ಪಂಪಿನ ಕೆಲಸ ಶುರುವಾಯಿತು. ಬಾಣಂತಿ ಕೋಣೆಗೆ ಗಂಡಸು ಕಾಲಿಡುವಂತಿಲ್ಲ. ಹಾಗಾಗಿ ಮುಚ್ಚಿದ ಬಾಗಿಲಿನ ಹೊರಗೆ ನಿಂತು ಗಿರಣಿಯ ದನಿಯಲ್ಲಿ ಅಪ್ಪಣೆ ಕೊಡತೊಡಗಿದೆ.

“ಒತ್ತು! ಹಚ್ಚು! ಈಗ ಬಿಡು! ಮೆತ್ತಗೆ ಬಿಡು!”

“ರೀ, ಮೆತ್ತಗ ಒದರ್ರಿ! ನಾನೇನು ನಿಮ್ಮ ಎಂಜಿನ್ನಾ?” ಎಂದಳು ಒಳಗಿನಿಂದ.

ಹೊರಗೆ ಬಂದರೆ ಓಣಿಯ ಅರ್ಧ ಜನ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು! ಒಬ್ಬ ಮುದುಕಪ್ಪ ಕೇಳಿಯೇಬಿಟ್ಟ: “ಏನ್ರಿ, ಒಳಗ ಬಾವಿ ತೋಡಾಕ ಹತ್ಯಾರೇನ್ರಿ?”

ಮೊದಲ ದಿನ ಕೆಲಸ ಸುಗಮವಾಗಲಿಲ್ಲ. ಮಗು ಎಳೆದು ದಣಿಯಬೇಕು, ಪಂಪು ಎಳೆಯಬೇಕು, ಎಳೆದದ್ದನ್ನು ಒಳಲೆಯಿಂದ ಹನಿಹನಿಯಾಗಿ ಕುಡಿಸಬೇಕು, ಪಂಪು ತೊಳೆಯಬೇಕು. ತೊಳೆದು ಒರೆಸುವಷ್ಟರಲ್ಲಿ ಮಗು ಮತ್ತೆ ಅಳುತ್ತಿತ್ತು. ಬಾಣಂತಿಗೆ ಕಣ್ಣು ಮುಚ್ಚಲು ಪುರಸೊತ್ತೇ ಇಲ್ಲ. ನಾನು ಯೋಚಿಸಿದೆ: ತೊಟ್ಟಿ ತುಂಬಿರುವಾಗ ಪಂಪು ಚೆನ್ನಾಗಿ ಎಳೆಯುತ್ತದೆ, ಇದು ಎಲ್ಲ ಎಂಜಿನಿಯರರಿಗೂ ಗೊತ್ತು. ಹಾಗಾದರೆ ಮೊದಲು ಪಂಪು, ಆಮೇಲೆ ಮಗು! ಡಾಕ್ಟರಮ್ಮನವರು ಪಾಪ, ವೈದ್ಯಕೀಯ ಬಲ್ಲರು, ಪಂಪು ಬಲ್ಲರೇ?

ಹಾಗೆಯೇ ಮಾಡಿಸಿದೆ. ಪಂಪು ಎಳೆದದ್ದನ್ನು ಬಟ್ಟಲಿಗೆ ಸುರಿದು ಗೂಡಿನಲ್ಲಿಟ್ಟೆ. ಆಮೇಲೆ ಎದೆಗೆ ಬಂದ ಮಗು ಎಳೆದೂ ಎಳೆದೂ ಏನೂ ಸಿಗದೆ ಕೆರಳಿ ಕೂಗಿತು. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ಗಂಟಲಿದೆಯೆಂದು ನಮಗಾರಿಗೂ ತಿಳಿದಿರಲಿಲ್ಲ. ಗೂಡಿನ ಬಟ್ಟಲು ತರಲು ಓಡಿದೆ. ಅದರ ತುಂಬ ಇರುವೆ!

ಅತ್ತೆಯವರು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಕೂಸಿನ ಊಟ ಕದ್ದು ಇರುವೆಗೆ ಬಡಿಸಿದ್ರೇನ್ರಿ ಅಳಿಯಂದ್ರ? ಭಾಳ ಓದೀರಿ ಬಿಡ್ರಿ!”

ಡಾಕ್ಟರಮ್ಮನವರ ಕ್ರಮಕ್ಕೇ ಹಿಂತಿರುಗಿದೆ. ಸೋಲೊಪ್ಪಿ ಅಲ್ಲ; ಪ್ರಯೋಗ ಮುಗಿಯಿತೆಂದು. ಮೊದಲು ಮಗು, ಆಮೇಲೆ ಪಂಪು, ಆಮೇಲೆ ಒಳಲೆ. ಪಂಪು ಹೊರಗೆ ಬಂದ ಕೂಡಲೇ ತೊಳೆಯುವುದು ನನ್ನ ಪಾಲು. ಗಂಡಸು ಇಂಥದ್ದು ತೊಳೆಯುವುದನ್ನು ಆ ಓಣಿ ಹಿಂದೆ ಕಂಡಿರಲಿಲ್ಲ. ಕಂಡರೆ ಕಾಣಲಿ ಎಂದು ತೊಳೆದೆ. ಮರುದಿನ ಬೆಳಿಗ್ಗೆ ಬಾಗಿಲ ಸಂದಿನಿಂದ ಹೆಂಡತಿಯ ಕೈ ಹೊರಗೆ ಬಂತು. ಕೈಯಲ್ಲಿ ಪಂಪು. ಪಂಪಿನ ಗಾಜಿನ ಹೊಟ್ಟೆಯ ತುಂಬ ಹಾಲು!

ನಾನು ಮಾಡಬಾರದ್ದನ್ನು ಮಾಡಿದೆ. ಅಂಗಳದ ಬಿಸಿಲಿಗೆ ಹೋಗಿ, ಗಾಜನ್ನು ಮೇಲೆತ್ತಿ ಹಿಡಿದು, “ನೋಡ್ರಿ!” ಎಂದು ಕೂಗಿದೆ. ತಾಯಿಯ ಹಾಲನ್ನು ಸೆರಗಿನ ಮರೆಯಲ್ಲಿ ಇಡುವ ಮನೆತನದಲ್ಲಿ ನಾನು ಅದನ್ನು ಬಾವುಟದಂತೆ ಎತ್ತಿ ಹಿಡಿದೆ. ಅದೇ ಹೊತ್ತಿಗೆ ಅಕ್ಕ ಹಿತ್ತಲ ಬಾಗಿಲು ದಾಟಿ ಬಂದಳು.

“ಅಯ್ಯ ನನ ಶಿವನ! ಎಷ್ಟು ಹಾಲು! ಕೆನಿಗಟ್ಟಂಗ ಐತಿ. ಇನ್ನ ನಿಮ್ಮ ಮನ್ಯಾಗ ಆಕಳು ಕಟ್ಟೋದು ಬ್ಯಾಡ!”

“ಥೂ ಅನ್ನು ಅಕ್ಕ, ಥೂ ಅನ್ನು!” ಅತ್ತೆಯವರು ಒಳಗಿನಿಂದ ಓಡಿ ಬಂದರು.

“ಥೂ ಥೂ ಥೂ! ನನ್ನ ಬಾಯಿಗಿಷ್ಟು ಬೆಂಕಿ ಬೀಳ್ಲಿ” ಎಂದು ಅಕ್ಕ ನಕ್ಕಳು. ಎಲ್ಲರೂ ನಕ್ಕೆವು. ಅವತ್ತು ಮಗು ಹೊಟ್ಟೆ ತುಂಬ ಕುಡಿದು ಮಲಗಿತು.

ಗೆದ್ದವನಿಗೆ ಸುಮ್ಮನಿರಲು ಆಗುವುದಿಲ್ಲ. ಗಾಜನ್ನು ಕುದಿಸಿ, ರಬ್ಬರನ್ನು ಬೆಚ್ಚನೆ ನೀರಿನಲ್ಲಿ ತೊಳೆದರೆ ಸಾಕು ಎಂದಿದ್ದರು ಡಾಕ್ಟರಮ್ಮ. ಬೆಚ್ಚನೆ ನೀರಿಗೇ ಅಷ್ಟು ಗುಣವಿದ್ದರೆ ಕುದಿಯುವ ನೀರಿಗೆ ಎಷ್ಟಿರಬೇಡ! ಅದೇ ಮಧ್ಯಾಹ್ನ ಚೆಂಡನ್ನು ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟೆ. ನೀರು ಕುದಿಯುವ ತನಕ ಕಟ್ಟೆಯ ಮೇಲಿನವರಿಗೆ ಗಾಳಿ ಎಳೆದಾಗ ಹಾಲು ಯಾಕೆ ಬರುತ್ತದೆಂದು ವಿವರಿಸಲು ಹೋದೆ. ಶ್ರೋತೃಗಳು ಉತ್ತಮರಿದ್ದರು. ಉಪನ್ಯಾಸ ಉದ್ದವಾಯಿತು. ಸುಟ್ಟ ವಾಸನೆ ಬಂದ ಮೇಲೆ ಓಡಿ ಬಂದು ನೋಡಿದರೆ, ನೀರೆಲ್ಲ ಆರಿ ಚೆಂಡು ಪಾತ್ರೆಯ ತಳಕ್ಕೆ ಅಂಟಿತ್ತು. ಎಬ್ಬಿಸಿ ತೆಗೆದೆ. ನೋಡಲು ಮೊದಲಿನಂತೆಯೇ ಇತ್ತು. ಯಾರಿಗೂ ಹೇಳಲಿಲ್ಲ.

ಅದಾದ ಮೇಲೆ ಪಂಪಿನಲ್ಲಿ ಹಾಲು ಬರಲಿಲ್ಲ.

ಒತ್ತಿದಳು, ಹಚ್ಚಿದಳು, ಬಿಟ್ಟಳು. ಒಂದು ಹನಿಯಿಲ್ಲ. ಮತ್ತೊಮ್ಮೆ, ಮಗದೊಮ್ಮೆ. ಎದೆ ಮತ್ತೆ ಕಲ್ಲಾಯಿತು. ಮರುದಿನ ಮೈ ಸುಡತೊಡಗಿತು. ಮಗು ಅಳುವುದನ್ನೂ ಕಡಿಮೆ ಮಾಡಿತು. ಅತ್ತರೇ ವಾಸಿ ಅನ್ನಿಸುವಷ್ಟು. ಹೆಂಡತಿ ಬಾಗಿಲ ಸಂದಿನಿಂದ ಪಂಪು ಕೊಟ್ಟು, “ಒತ್ತಿದ್ರ ಸುಂಯ್ ಅಂತೈತಿ. ನೋಡ್ರಿ ಸ್ವಲ್ಪ” ಎಂದಳು. ಹಿತ್ತಲಿಗೆ ಹೋಗಿ ಚೆಂಡನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಒತ್ತಿದೆ. ಗುಳುಗುಳು ಎಂದು ಗುಳ್ಳೆ ಬಂದವು. ಕೂದಲಿನಷ್ಟು ಸೀಳು. ನಾನೇ ಕುದಿಸಿ ಮಾಡಿದ ಸೀಳು.

ತಲೆಯೆತ್ತಿದರೆ ಅತ್ತೆಯವರು ಮುಂದೆ ನಿಂತಿದ್ದಾರೆ. ಅತ್ತು ಕಣ್ಣು ಕೆಂಪಾಗಿದ್ದವು.

“ಖರೇ ಹೇಳ್ರಿ ಅಳಿಯಂದ್ರ. ಯಂತ್ರ ಸರಿ ಐತಿಲ್ಲೋ?”

ಪಂಪು ಬಲ್ಲವನೆಂದು ಓಣಿಗೆಲ್ಲ ಉಪನ್ಯಾಸ ಕೊಟ್ಟ ನಾಲಿಗೆ ಅದು. “ಯಂತ್ರಕ್ಕೇನಾಗಿದೆ? ಯಂತ್ರ ಸರಿಯಾಗಿಯೇ ಇದೆ” ಎಂದಿತು.

“ಹಂಗಾದ್ರ ಇದು ದೃಷ್ಟಿನ. ಆಕಳು ಕಟ್ಟಬ್ಯಾಡ ಅಂದಳಲ್ಲ ಅಕ್ಕ, ಅವತ್ತಽ ಹಾಲು ಕಟ್ಟೇತಿ.”

ನಾನು ಬಕೆಟ್ಟಿನ ನೀರನ್ನು ನೋಡುತ್ತ ನಿಂತೆ.

ಸಂಜೆ ಅಕ್ಕ ಎಂದಿನಂತೆ ಹಿತ್ತಲ ಬಾಗಿಲು ತಳ್ಳಿದಳು. ಒಳಗಿನಿಂದ ಅಗುಳಿ ಬಿದ್ದಿತ್ತು. “ಬಾಗ್ಲ ತಗಿಯಽ, ಬಾಣಂತಿಗೆ ಅಂಟಿನುಂಡಿ ಕಟ್ಟಿ ತಂದೀನಿ” ಎಂದಳು. ಅತ್ತೆಯವರು ಬಾಗಿಲ ಈಚೆ ನಿಂತೇ ಹೇಳಿದರು: “ನಿನ್ನ ಉಂಡಿ ಬ್ಯಾಡ, ನಿನ್ನ ಕಣ್ಣೂ ಬ್ಯಾಡ. ನನ್ನ ಮಗಳು ಬದುಕಲಿ. ಹೋಗು ಅಕ್ಕ.” ಆ ಕಡೆ ಬಳೆಯ ಸದ್ದು ದೂರವಾಯಿತು.

ನಾನು ಸೈಕಲ್ ಟ್ಯೂಬಿನ ತುಂಡು ಹುಡುಕಿಕೊಂಡು ಪೇಟೆಗೆ ಓಡಿದೆ. ಚೆಂಡಿನ ಮೈಯನ್ನು ತಿಕ್ಕಿ, ಸೊಲ್ಯೂಷನ್ ಸವರಿ, ಪಂಕ್ಚರ್ ಹಾಕುವಂತೆ ತೇಪೆ ಹಾಕಿದೆ. ಮೊದಲ ತೇಪೆ ಬಿಟ್ಟಿತು. ಎರಡನೆಯದೂ ಬಿಟ್ಟಿತು. ಬಿಡಲಿಲ್ಲ ನಾನು. ಮತ್ತೆ ತಿಕ್ಕಿದೆ, ಮತ್ತೆ ಸವರಿದೆ, ಒಣಗುವ ತನಕ ಹೆಬ್ಬೆರಳಿನಿಂದ ಅದುಮಿ ಹಿಡಿದು ಕೂತೆ. ನೀರಿನಲ್ಲಿ ಮುಳುಗಿಸಿದೆ. ಗುಳ್ಳೆಯಿಲ್ಲ!

ನಾನು ಮನೆಗೆ ಬಂದಾಗ ಅತ್ತೆಯವರು ಮಗಳಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಪಂಪನ್ನು ಸಂದಿನಿಂದ ಒಳಗೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಹೆಂಡತಿಯ ಅಳು ಕೇಳಿಸಿತು. ಓಡಿಹೋದ ಅತ್ತೆಯವರು ಅಲ್ಲಿಂದಲೇ ಕೂಗಿದರು:

“ಬಂತು! ಹಾಲು ಬಂತು! ನೋಡಿದ್ರ್ಯಾ? ಬಾಗ್ಲ ಹಾಕಿದೆ, ದೃಷ್ಟಿ ತಗದೆ, ಬಂತು!” ಆಮೇಲೆ ಪಂಪು ಹಿಡಿದು ಹೊರಗೆ ಬಂದು, ಚೆಂಡನ್ನು ಮೂಸಿ ನೋಡಿ, “ಏನೋ ಸುಟ್ಟಂಗ ವಾಸನಿ ಬರ್ತೈತಿ” ಎಂದರು. “ದೃಷ್ಟಿ ಸುಟ್ಟ ವಾಸನಿ!” ಎಂದು ಅವರೇ ತೀರ್ಮಾನಿಸಿದರು.

ವಿಜ್ಞಾನ ಕಲಿತ ನಾನು ತಲೆಯಾಡಿಸಿದೆ.

ಜ್ವರ ಇಳಿಯಿತು. ತೇಪೆ ಬಾಳಿತು. ಮಗು ಕ್ರಮೇಣ ತಾನೇ ಎಳೆದು ಕುಡಿಯುವಷ್ಟು ಗಟ್ಟಿಯಾಯಿತು. ಪಂಪು ಅಟ್ಟ ಸೇರಿತು. ತೊಟ್ಟಿಲಿಗೆ ಹಾಕುವ ದಿನ ಓಣಿಯೆಲ್ಲ ಬಂದಿತ್ತು, ಹಿಂದಿನ ಮನೆಯವರು ಮಾತ್ರ ಇರಲಿಲ್ಲ. ಕಂಪ್ಲಿಗೆ ಹೊರಡುವ ಮುನ್ನ ಕಾಲುವೆಗೆ ಸ್ನಾನಕ್ಕೆ ಹೋದಾಗ ಅಕ್ಕ ಎದುರಾದಳು. ಸುತ್ತ ಯಾರೂ ಇರಲಿಲ್ಲ. ನನ್ನ ಕಡೆ ನೋಡದೆ, ನೀರನ್ನು ನೋಡುತ್ತ ಕೇಳಿದಳು:

“ನೀವು ಓದಿದವ್ರು. ಒಂದು ಮಾತು ಹೇಳ್ರಿ. ನನ್ನ ಕಣ್ಣಾಗ ಏನರ ಐತೇನ್ರಿ? ನಾನು ಬರೋದು ಬಿಟ್ಟ ಮ್ಯಾಲ ಹಾಲು ಬಂತಂತಲ್ಲ. ನನಗಽ ಗೊತ್ತಿಲ್ದಂಗ ನನ್ನ ಕಣ್ಣು ಹಂಗ ಮಾಡತೈತೇನ್ರಿ?”

ಒಂದೇ ಮಾತು ಸಾಕಿತ್ತು. ರಬ್ಬರಿಗೆ ತೂತು ಬಿದ್ದಿತ್ತು ಅಕ್ಕ, ಬೀಳಿಸಿದವನು ನಾನು. ಇಷ್ಟೇ. ನಾನು ಬಾಯಿ ತೆರೆದು, ತುಂಬ ಉದಾರವಾಗಿ ಹೇಳಿದೆ:

“ಹೋಗಲಿ ಬಿಡ್ರಿ ಅಕ್ಕ. ಆದದ್ದು ಆಯಿತು. ನಾವೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ.”

ಕ್ಷಮಿಸಿಬಿಟ್ಟೆ! ನಾನು ಆಕೆಯನ್ನು ಕ್ಷಮಿಸಿಬಿಟ್ಟೆ!

ಮುಂದೆ ಆಕೆಯ ಮಗಳಿಗೆ ಹೆರಿಗೆಯಾದಾಗ ಅಕ್ಕ ಕೂಸಿನ ಕಡೆ ಬೆನ್ನು ಮಾಡಿಕೊಂಡೇ ಬಾಣಂತನ ಮಾಡಿದಳಂತೆ. ಕೂಸನ್ನು ಎತ್ತಿಕೋ ಎಂದರೆ ಸೆರಗು ಕಣ್ಣಿಗೆ ಎಳೆದುಕೊಳ್ಳುತ್ತಿದ್ದಳಂತೆ. ಕೇಳಿದಾಗಲೂ ನಾನು ಹೋಗಿ ಹೇಳಲಿಲ್ಲ. ಆಕೆ ತೀರಿಕೊಂಡಾಗಲೂ ಹೋಗಲಿಲ್ಲ.

ಇದನ್ನು ಬರೆಯಲು ಕೂತಾಗ ಒಂದು ತೊಡಕು ಎದುರಾಯಿತು. ಕಂಪ್ಲಿಯ ಎಂಜಿನ್ನಿನ ಒಂದೊಂದು ಬಿಡಿಭಾಗದ ಹೆಸರೂ ಈಗಲೂ ನನ್ನ ಬಾಯಿಯಲ್ಲಿದೆ. ಅಕ್ಕನ ಹೆಸರೇನು? ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ. ಯಾಕೆಂದು ಕೇಳಿದಳು. ಹೇಳಿದೆ, ಎಲ್ಲವನ್ನೂ.

“ಹಂಪವ್ವ” ಎಂದಳು. “ಆಕಿ ಹೆಸ್ರು ಹಂಪವ್ವ. ಸರಿಯಾಗಿ ಬರೀರಿ.”